ಹೆಬ್ಬಾಗಿಲು ಮತ್ತು ಕಂದಕ: ಲೂಕನ ಸುವಾರ್ತೆಯಲ್ಲಿ ನೀತಿ ಮತ್ತು ಪರಲೋಕ



ಲೂಕನ ಸುವಾರ್ತೆಯಲ್ಲಿ ಒಂದು ಪ್ರಶ್ನೆ ಎರಡು ಸಲ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಬರುತ್ತದೆ. 10ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರ ಬಲ್ಲವನೊಬ್ಬ ಎದ್ದು ನಿಂತು, ನಿತ್ಯಜೀವ ತನಗೆ ದಕ್ಕಬೇಕಾದರೆ ಏನು ಮಾಡಬೇಕೆಂದು ಯೇಸುವನ್ನು ಕೇಳುತ್ತಾನೆ. 18ನೆಯ ಅಧ್ಯಾಯದಲ್ಲಿ ಸಿರಿವಂತನಾದ ಒಬ್ಬ ಅಧಿಕಾರಿ ಅದನ್ನೇ ಕೇಳುತ್ತಾನೆ. ಸಾವಿನಾಚೆಯ ಬದುಕು ಹೇಗಿರುತ್ತದೆ, ಅಲ್ಲಿ ಯಾರು ಯಾರಿರುತ್ತಾರೆ ಎಂಬ ವರ್ಣನೆ ಇಬ್ಬರಿಗೂ ಸಿಗುವುದಿಲ್ಲ. ಮೊದಲನೆಯವನಿಗೆ ಸಿಗುವುದು ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನೊಬ್ಬನ ಕಥೆ. ಎರಡನೆಯವನಿಗೆ ಸಿಗುವುದು ಆಸ್ತಿ ಮಾರಿ ಬಡವರಿಗೆ ಹಂಚಬೇಕೆಂಬ ಅಪ್ಪಣೆ. ಪರಲೋಕದ ದಾರಿ ಕೇಳಿದವರನ್ನು ಯೇಸು ಎರಡೂ ಸಲ ಇಹದಲ್ಲಿರುವ ಇನ್ನೊಬ್ಬ ಮನುಷ್ಯನ ಕಡೆಗೆ ಮುಖ ತಿರುಗಿಸಿ ನಿಲ್ಲಿಸುತ್ತಾರೆ. ಈ ತಿರುಗಿಸುವಿಕೆಯೇ ಲೂಕನ ಸುವಾರ್ತೆಯ ಜೀವಾಳ ಎಂಬುದು ನನ್ನ ವಾದ. ಅಲ್ಲಿ ನೀತಿಬೋಧೆ ಬೇರೆ, ಪರಲೋಕದ ಭರವಸೆ ಬೇರೆ ಎಂದು ಎರಡು ಕಂತೆಗಳಿಲ್ಲ.

ಕೃತಿಯ ಪರಿಚಯ ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ನಾಲ್ಕು ಸುವಾರ್ತೆಗಳಲ್ಲಿ ಇದು ಮೂರನೆಯದು, 24 ಅಧ್ಯಾಯಗಳು, ಮೂಲ ಭಾಷೆ ಗ್ರೀಕ್. ಕ್ರಿ.ಶ. 80-90ರ ಸುಮಾರಿಗೆ ರಚಿತವಾಯಿತೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಸಂತ ಪೌಲನ ಜೊತೆಗಾರನಾಗಿದ್ದ ವೈದ್ಯ ಲೂಕನೇ ಇದರ ಕರ್ತೃ ಎಂಬುದು ಪರಂಪರೆಯ ನಂಬಿಕೆ. ಥೆಯೊಫಿಲನೆಂಬವನನ್ನು ಉದ್ದೇಶಿಸಿ ಬರೆದ ಈ ಪುಸ್ತಕಕ್ಕೆ ‘ಅಪೊಸ್ತಲರ ಕೃತ್ಯಗಳು’ ಎರಡನೆಯ ಸಂಪುಟ. ಎರಡೂ ಸೇರಿದರೆ ಹೊಸ ಒಡಂಬಡಿಕೆಯ ಕಾಲುಭಾಗಕ್ಕೂ ಮಿಗಿಲು. ಕನ್ನಡಕ್ಕೆ ಈ ಸುವಾರ್ತೆ ಬಂದದ್ದು 19ನೆಯ ಶತಮಾನದ ಮೊದಲ ದಶಕಗಳಲ್ಲಿ, ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತವರ ಸಂಗಡಿಗರ ದುಡಿಮೆಯಿಂದ. ನಿಘಂಟುಕಾರ ಕಿಟೆಲ್ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಲ್ಲಿ ನಮ್ಮ ಛಂದಸ್ಸಿಗೇ ಒಗ್ಗಿಸಿದರು. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ದಲ್ಲಿ ಶಿಲುಬೆಯ ದಿನವನ್ನು ಕಾವ್ಯವಾಗಿಸಿದರು. ಹೀಗಾಗಿ ನಾನು ಹೇಳಹೊರಟಿರುವ ಕಥೆಗಳು ಈ ಸಭೆಗೆ ಹೊಸವಲ್ಲ. ಕೇಳಿ ಕೇಳಿ ಸವೆದಿವೆ ಎಂಬುದೇ ನನಗಿರುವ ಅಳುಕು.

ಯೇಸುವಿನ ಕಾಲದ ಯೆಹೂದ್ಯರಲ್ಲಿ ಸಾವಿನಾಚೆಯ ವಿಚಾರ ತೀರ್ಮಾನವಾದ ಸಂಗತಿಯಾಗಿರಲಿಲ್ಲ. ಹೀಬ್ರೂ ಗ್ರಂಥಗಳ ಹಳೆಯ ಪದರಗಳಲ್ಲಿ ಸತ್ತವರೆಲ್ಲ, ಒಳ್ಳೆಯವರೂ ಕೆಟ್ಟವರೂ, ಮಂಕು ಕವಿದ ಪಾತಾಳಕ್ಕೆ ಇಳಿಯುತ್ತಾರೆ. ಅಲ್ಲಿ ಬಹುಮಾನವೂ ಇಲ್ಲ, ಶಿಕ್ಷೆಯೂ ಇಲ್ಲ. ಸತ್ತವರು ಎದ್ದು ಬರುತ್ತಾರೆಂಬ ಮಾತು ನಿಚ್ಚಳವಾಗಿ ಕೇಳಿಸುವುದು ದಾನಿಯೇಲನ ಗ್ರಂಥದ ಕೊನೆಯ ಅಧ್ಯಾಯದಲ್ಲಿ. ಅದು ಕ್ರಿ.ಪೂ. 2ನೆಯ ಶತಮಾನ, ಗ್ರೀಕ್ ದೊರೆಯೊಬ್ಬ ಯೆಹೂದ್ಯರ ಧರ್ಮಾಚರಣೆಯನ್ನೇ ನಿಷೇಧಿಸಿ, ಬಗ್ಗದವರನ್ನು ಕೊಲ್ಲಿಸುತ್ತಿದ್ದ ಹೊತ್ತು. ಧರ್ಮಕ್ಕಾಗಿ ಸತ್ತವನಿಗೆ ದೇವರು ನ್ಯಾಯ ಕೊಡುವುದು ಯಾವಾಗ ಎಂಬ ಸಂಕಟದಲ್ಲಿ ಪುನರುತ್ಥಾನದ ನಂಬಿಕೆ ಗಟ್ಟಿಯಾಯಿತು. ಇದನ್ನು ನೆನಪಿನಲ್ಲಿಡಬೇಕು. ಸುಖವಾಗಿದ್ದವರು ಸುಖವನ್ನು ಲಂಬಿಸಿಕೊಳ್ಳಲು ಕಂಡ ಕನಸಲ್ಲ ಅದು. ಯೇಸುವಿನ ಕಾಲಕ್ಕೆ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಥದವರಾದ ಫರಿಸಾಯರು ಇದನ್ನು ಒಪ್ಪಿದ್ದರು. ದೇವಾಲಯದ ಸುತ್ತಲಿನ ಸ್ಥಿತಿವಂತ ವರ್ಗವಾಗಿದ್ದ ಸದ್ದುಕಾಯರು ಒಪ್ಪಿರಲಿಲ್ಲ. 20ನೆಯ ಅಧ್ಯಾಯದಲ್ಲಿ ಅವರು ಯೇಸುವಿನ ಮುಂದೆ ಒಂದು ಒಗಟು ಒಡ್ಡುತ್ತಾರೆ: ಒಬ್ಬಳನ್ನೇ ಒಬ್ಬನಾದ ಮೇಲೊಬ್ಬನಂತೆ ಏಳು ಮಂದಿ ಅಣ್ಣತಮ್ಮಂದಿರು ಮದುವೆಯಾಗಿ ಸತ್ತರೆ, ಪುನರುತ್ಥಾನದಲ್ಲಿ ಆಕೆ ಯಾರ ಹೆಂಡತಿ? ಇಲ್ಲಿನ ಸಂಬಂಧ, ಸೊತ್ತು, ಹಕ್ಕುಗಳ ನಕಲು ಅಲ್ಲಿಯೂ ಇರುತ್ತದೆಂಬ ಊಹೆ ಆ ಒಗಟಿನ ಬುಡದಲ್ಲಿದೆ. ಯೇಸು ಆ ಊಹೆಯನ್ನೇ ತಳ್ಳಿಹಾಕುತ್ತಾರೆ. ಅಲ್ಲಿ ಯಾರೂ ಯಾರನ್ನೂ ಮದುವೆ ಮಾಡಿಕೊಡುವುದಿಲ್ಲ. ದೇವರ ಪಾಲಿಗೆ ಎಲ್ಲರೂ ಬದುಕಿರುವವರೇ. ಅದಕ್ಕಿಂತ ಹೆಚ್ಚು ವಿವರವನ್ನು ಅವರು ಕೊಡುವುದಿಲ್ಲ.

ಇನ್ನು 16ನೆಯ ಅಧ್ಯಾಯಕ್ಕೆ ಬರೋಣ. ಸಾವಿನಾಚೆಯ ದೃಶ್ಯವೊಂದನ್ನು ಲೂಕ ಬಿಡಿಸಿ ತೋರಿಸುವುದು ಇಲ್ಲಿ ಮಾತ್ರ. ಐಶ್ವರ್ಯವಂತ ಮತ್ತು ಲಾಜರನ ಈ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಬೇರೆ ಯಾವ ಸುವಾರ್ತೆಯಲ್ಲೂ ಇಲ್ಲ.

ಒಬ್ಬ ಸಿರಿವಂತ. ಅವನ ಮೈಮೇಲೆ ಕೆನ್ನೀಲಿ ಬಟ್ಟೆ, ನಯವಾದ ನಾರುಮಡಿ. ಕೆನ್ನೀಲಿ ಬಣ್ಣವನ್ನು ಅಂದು ಕಡಲ ಶಂಖಜೀವಿಗಳಿಂದ ತೊಟ್ಟು ತೊಟ್ಟಾಗಿ ತೆಗೆಯುತ್ತಿದ್ದರು. ಅದು ಅರಸರಿಗೆ, ದೊಡ್ಡ ಸಾಹುಕಾರರಿಗೆ ಮಾತ್ರ ಎಟಕುವ ಬೆಲೆಯದು. ಈತನಿಗೆ ದಿನವೂ ಔತಣ. ಅವನ ಹೆಬ್ಬಾಗಿಲಲ್ಲಿ ಮೈತುಂಬ ಹುಣ್ಣಾದ ಲಾಜರನೆಂಬ ಬಡವ ಬಿದ್ದಿದ್ದಾನೆ. ಮೇಜಿನಿಂದ ಉದುರಿದ್ದು ಸಿಕ್ಕರೆ ಸಾಕೆಂದು ಅವನ ಆಸೆ. ನಾಯಿಗಳು ಬಂದು ಹುಣ್ಣು ನೆಕ್ಕುತ್ತವೆ. ಇಬ್ಬರೂ ಸಾಯುತ್ತಾರೆ. ಬಡವನನ್ನು ದೇವದೂತರು ಹೊತ್ತು ಯೆಹೂದ್ಯರ ಮೂಲಪುರುಷ ಅಬ್ರಹಾಮನ ಮಗ್ಗುಲಿಗೆ ಸೇರಿಸುತ್ತಾರೆ. ಸಿರಿವಂತನನ್ನು ಹೂಳುತ್ತಾರೆ, ಕಣ್ಣು ತೆರೆದಾಗ ಅವನು ಪಾತಾಳದ ಉರಿಯಲ್ಲಿರುತ್ತಾನೆ.

ಯೇಸು ಹೇಳಿದ ಸಾಮ್ಯಗಳಲ್ಲೆಲ್ಲ ಹೆಸರಿರುವ ಪಾತ್ರ ಈ ಬಡವನೊಬ್ಬನೇ. ಅಬ್ರಹಾಮನನ್ನು ಬಿಟ್ಟರೆ ಮತ್ತಾರಿಗೂ ಹೆಸರಿಲ್ಲ, ಅವನು ಪುರಾಣಪುರುಷ. ಯೋಹಾನನ ಸುವಾರ್ತೆಯಲ್ಲಿ ಸಮಾಧಿಯಿಂದೆದ್ದ ಲಾಜರ ಬೇರೆ, ಅದು ಸಾಮ್ಯವೂ ಅಲ್ಲ. ಊರಿಗೆಲ್ಲ ಗೊತ್ತಿದ್ದಿರಬೇಕಾದ ಸಿರಿವಂತನ ಹೆಸರನ್ನು ಲೂಕ ಹೇಳುವುದಿಲ್ಲ. ಆ ಕೊರತೆ ಓದುಗರನ್ನು ಎಷ್ಟು ಕಾಡಿತೆಂದರೆ, 3ನೆಯ ಶತಮಾನದ ಒಂದು ಪಪೈರಸ್ ಪ್ರತಿಯಲ್ಲಿ ಆಗಲೇ ಅವನಿಗೊಂದು ಹೆಸರು ಅಂಟಿಸಿಬಿಟ್ಟಿದ್ದಾರೆ. ಆದರೆ ಕಥೆಯ ಒಳಗೆ ಹೋಗಿ ನೋಡಿ. ಉರಿಯಲ್ಲಿ ನಿಂತ ಸಿರಿವಂತ ಅಬ್ರಹಾಮನನ್ನು ಕೂಗಿ, ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ತನ್ನ ನಾಲಿಗೆ ತಣಿಸಲು ಲಾಜರನನ್ನು ಕಳಿಸೆಂದು ಬೇಡುತ್ತಾನೆ. ಹೆಸರು ಹಿಡಿದೇ ಹೇಳುತ್ತಾನೆ! ಬಾಗಿಲಲ್ಲಿ ಬಿದ್ದವನ ಹೆಸರು ಅವನಿಗೆ ಗೊತ್ತಿತ್ತು. ತಿಳಿಯದೆ ಆದ ಅಪರಾಧ ಎನ್ನುವ ನೆಪವನ್ನು ಲೂಕ ಈ ಒಂದೇ ವಿವರದಿಂದ ಕಿತ್ತುಕೊಳ್ಳುತ್ತಾನೆ. ಇನ್ನೂ ಒಂದು ಮಾತಿದೆ. ಎಲ್ಲವೂ ತಲೆಕೆಳಗಾದ ಮೇಲೂ ಸಿರಿವಂತನ ಕಣ್ಣಿಗೆ ಲಾಜರ ಆಳಾಗಿಯೇ ಕಾಣುತ್ತಾನೆ. ಮೊದಲು ನೀರು ತರಲು ಅವನನ್ನು ಕಳಿಸು ಎನ್ನುತ್ತಾನೆ. ಆಮೇಲೆ ತನ್ನ ಐವರು ಅಣ್ಣತಮ್ಮಂದಿರಿಗೆ ಸುದ್ದಿ ಮುಟ್ಟಿಸಲು ಅವನನ್ನು ಕಳಿಸು ಎನ್ನುತ್ತಾನೆ. ಲಾಜರನ ಜೊತೆ ಅವನು ಒಂದು ಮಾತನ್ನೂ ಆಡುವುದಿಲ್ಲ. ಪಾತಾಳವೂ ಅವನನ್ನು ತಿದ್ದಿಲ್ಲ.

ಅಬ್ರಹಾಮ ಅವನನ್ನು ಮಗನೇ ಎಂದೇ ಕರೆಯುತ್ತಾನೆ. ಆ ಕರೆಯಲ್ಲಿ ಸಿಟ್ಟಿಲ್ಲ, ದುಃಖವಿದೆ. ಆದರೂ ನಡುವೆ ಒಂದು ದೊಡ್ಡ ಕಂದಕವಿದೆ, ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ದಾಟಲಾಗದು ಎಂದು ತಿಳಿಸುತ್ತಾನೆ. ಈ ಕಂದಕವನ್ನು ತೋಡಿದ್ದು ಯಾರು? ದೇವರು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ನನಗೆ ಕಾಣುವುದು ಬೇರೆ. ಕಥೆಯ ಮೊದಲ ಅರ್ಧದಲ್ಲಿ ಇಬ್ಬರ ನಡುವೆ ಇದ್ದದ್ದು ಒಂದು ಹೆಬ್ಬಾಗಿಲು. ಎರಡನೆಯ ಅರ್ಧದಲ್ಲಿ ಅದೇ ಜಾಗದಲ್ಲಿ ಕಂದಕವಿದೆ. ಬಾಗಿಲನ್ನು ತೆರೆಯಬಹುದಿತ್ತು, ತೆರೆಯುವ ಅಧಿಕಾರ ಒಬ್ಬನಿಗೇ ಇತ್ತು, ಅದಕ್ಕೆ ಬದುಕಿಡೀ ಸಮಯವಿತ್ತು. ಆದಿಕಾಂಡದ ಅಬ್ರಹಾಮನನ್ನು ಇಲ್ಲಿ ನೆನೆಯಬೇಕು. ಅವನೂ ಬಡವನೇನಲ್ಲ, ದನಕರು, ಬೆಳ್ಳಿ, ಬಂಗಾರ ತುಂಬಿದ ಸಿರಿವಂತ. ಆದರೆ ಉರಿಬಿಸಿಲಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದಾಗ ಮೂವರು ಅಪರಿಚಿತರು ಕಂಡದ್ದೇ ಓಡಿಹೋಗಿ ಕರೆತಂದು ಉಣಬಡಿಸಿದವನು. ಬಾಗಿಲಿಂದ ಹೊರಗೆ ಓಡಿದ ಸಿರಿವಂತನ ಮಗ್ಗುಲಲ್ಲಿ ಲಾಜರನಿಗೆ ಜಾಗ ಸಿಕ್ಕಿತು.

ಇಂಥದೇ ಕಥೆಯೊಂದು ಈಜಿಪ್ಟಿನಲ್ಲೂ ಇತ್ತು. ಡೆಮೋಟಿಕ್ ಲಿಪಿಯಲ್ಲಿ ಉಳಿದು ಬಂದಿರುವ ಸೆತ್ನೆಯ ಕಥೆಯಲ್ಲಿ ಸಿರಿವಂತನೊಬ್ಬನ ಶವ ಮೆರವಣಿಗೆಯಲ್ಲಿ ಹೋಗುತ್ತದೆ, ಬಡವನೊಬ್ಬನ ಶವವನ್ನು ಚಾಪೆಯಲ್ಲಿ ಸುತ್ತಿ ಒಯ್ಯುತ್ತಾರೆ. ಪಾತಾಳದಲ್ಲಿ ಇಬ್ಬರ ಸ್ಥಿತಿ ಅದಲುಬದಲಾಗಿರುತ್ತದೆ. ಈ ಹೋಲಿಕೆಯನ್ನು ಜರ್ಮನಿಯ ವಿದ್ವಾಂಸ ಹ್ಯೂಗೊ ಗ್ರೆಸ್ಮನ್ 1918ರಲ್ಲಿ ಎತ್ತಿ ತೋರಿಸಿದರು. ಹೋಲಿಕೆಗಿಂತ ವ್ಯತ್ಯಾಸ ನನಗೆ ಮುಖ್ಯ. ಈಜಿಪ್ಟಿನ ಕಥೆಯಲ್ಲಿ ಸತ್ತವರ ಲೋಕದಿಂದ ಮರಳಿ ಬಂದವನೊಬ್ಬ ಆ ದೃಶ್ಯವನ್ನೆಲ್ಲ ತೋರಿಸಿ ವಿವರಿಸುತ್ತಾನೆ. ಲೂಕನಲ್ಲಿ ಹಾಗೆ ಯಾರನ್ನಾದರೂ ಕಳಿಸು ಎಂಬ ಬೇಡಿಕೆಯೇ ತಿರಸ್ಕೃತವಾಗುತ್ತದೆ. ಐವರು ಸೋದರರ ಬಳಿ ಮೋಶೆಯೂ ಪ್ರವಾದಿಗಳೂ ಇದ್ದಾರೆ, ಅವರ ಮಾತು ಕೇಳದವರು ಸತ್ತವನು ಎದ್ದು ಹೋಗಿ ಹೇಳಿದರೂ ಕೇಳಲಾರರು ಎಂಬುದು ಅಬ್ರಹಾಮನ ಉತ್ತರ. ಬಡ ಸೋದರನಿಗೆ ಕೈ ಮುಚ್ಚಬಾರದೆಂದು ಧರ್ಮೋಪದೇಶಕಾಂಡ ಹೇಳಿಯಾಗಿದೆ. ಹಸಿದವನಿಗೆ ರೊಟ್ಟಿ ಮುರಿದು ಕೊಡುವುದೇ ನಿಜವಾದ ಉಪವಾಸವೆಂದು ಯೆಶಾಯ ಹೇಳಿಯಾಗಿದೆ. ದಂತದ ಮಂಚಗಳ ಮೇಲೆ ಒರಗಿ ನಾಡಿನ ಕೇಡಿಗೆ ಮರುಗದವರನ್ನು ಆಮೋಸ ಬೈದಾಗಿದೆ. ಒಳ್ಳೆಯದೇನೆಂದು ತಿಳಿಯಲು ಪರಲೋಕದ ಸುದ್ದಿ ಬೇಕಿಲ್ಲ. ಪರಲೋಕದ ಕಥೆಯೊಂದು ತನ್ನ ತುತ್ತತುದಿಯಲ್ಲಿ ಈ ಮಾತು ಹೇಳುತ್ತದೆ ಎಂಬುದು ನನ್ನನ್ನು ಇವತ್ತಿಗೂ ಬೆರಗಾಗಿಸುತ್ತದೆ.

ಪರಲೋಕದ ಆಸೆ ತೋರಿಸಿ ಬಡವರನ್ನು ಇಹದಲ್ಲಿ ಸುಮ್ಮನಿರಿಸಲಾಯಿತು ಎಂಬ ಆಪಾದನೆಯನ್ನು ಇಲ್ಲಿ ಎದುರಿಸಲೇಬೇಕು. ಮಾರ್ಕ್ಸ್ ಧರ್ಮವನ್ನು ಜನರ ಅಫೀಮು ಎಂದದ್ದು ಎಲ್ಲರಿಗೂ ಗೊತ್ತು. ಆಪಾದನೆ ಸುಳ್ಳಲ್ಲ. ಅಮೆರಿಕದ ಹತ್ತಿ ತೋಟಗಳಲ್ಲಿ ಗುಲಾಮರಿಗೆ ವಿಧೇಯತೆಯನ್ನೂ ಸ್ವರ್ಗವನ್ನೂ ಒಟ್ಟಿಗೇ ಬೋಧಿಸಿದ ಪಾದ್ರಿಗಳಿದ್ದರು. ಲಾಜರನ ಕಥೆಯನ್ನೂ ಹಾಗೆ ಬಳಸಬಹುದು: ಈಗ ತಾಳಿಕೋ, ಆಮೇಲೆ ಸುಖವಿದೆ. ಆದರೆ ಲೂಕ ಈ ಕಥೆಯನ್ನು ಯಾರ ಕಿವಿಗೆ ಹಾಕುತ್ತಾನೆ? ಅದೇ ಅಧ್ಯಾಯದ 14ನೆಯ ವಚನದಲ್ಲಿ ಎದುರಿಗಿರುವವರು ಹಣದಾಸೆಯವರೆಂದು ಅವನು ಗುರುತಿಸಿದ್ದಾನೆ. ಅವರು ಯೇಸುವನ್ನು ಹಾಸ್ಯ ಮಾಡಿದ ಮೇಲೆ ಈ ಕಥೆ ಬರುತ್ತದೆ. ಅಂದರೆ ಇದು ಲಾಜರರಿಗೆ ಕೊಟ್ಟ ಸಮಾಧಾನವಲ್ಲ. ಬಾಗಿಲ ಒಳಗಿರುವವರಿಗೆ, ಇನ್ನೂ ಬದುಕಿರುವ ಆ ಐವರಿಗೆ ಕೊಟ್ಟ ಎಚ್ಚರಿಕೆ. ಅದನ್ನು ಹಸಿದವನ ಮುಂದೆ ಸಾಂತ್ವನವಾಗಿ ಓದಿದವರು ವಿಳಾಸ ತಪ್ಪಿಸಿದರು.

ಸರಿಯಾದ ವಿಳಾಸಕ್ಕೆ ಮುಟ್ಟಿಸಿದವರೂ ಇದ್ದಾರೆ. ಕ್ರಿ.ಶ. 369ರ ಸುಮಾರಿಗೆ ಕಪ್ಪದೋಕ್ಯದಲ್ಲಿ ಬರ ಬಿದ್ದಾಗ ಅಲ್ಲಿನ ಕ್ರೈಸ್ತ ಧರ್ಮಗುರು ಬಸಿಲ್ ಲೂಕನ 12ನೆಯ ಅಧ್ಯಾಯದ ಮೇಲೆ ಉಪದೇಶ ಮಾಡಿದ. ಅಲ್ಲಿ ಬರುವುದು ಕಣಜ ಒಡೆದು ಇನ್ನೂ ದೊಡ್ಡ ಕಣಜ ಕಟ್ಟಲು ಯೋಚಿಸುತ್ತಾ, ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ ಎಂದು ತನ್ನೊಡನೆ ತಾನೇ ಮಾತಾಡಿಕೊಂಡು, ಅದೇ ರಾತ್ರಿ ಸಾಯುವ ಸಿರಿವಂತ. ಬಸಿಲ್ ಬೋಧನೆಯಲ್ಲಿ ನಿಲ್ಲಲಿಲ್ಲ. ಕೈಸರೆಯ ಪಟ್ಟಣದ ಅಂಚಿನಲ್ಲಿ ರೋಗಿಗಳಿಗೆ, ಬಡವರಿಗೆ ಆಸರೆಯ ಕಟ್ಟಡಗಳ ಒಂದು ಸಮುಚ್ಚಯವನ್ನೇ ಎಬ್ಬಿಸಿದ. ಅದೇ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದ ಜಾನ್ ಕ್ರಿಸೊಸ್ತಮ್ ಲಾಜರನ ಕಥೆಯೊಂದರ ಮೇಲೆಯೇ ಸರಣಿ ಉಪದೇಶಗಳನ್ನು ಮಾಡಿ, ಇದ್ದದ್ದನ್ನು ಬಡವರೊಡನೆ ಹಂಚಿಕೊಳ್ಳದಿರುವುದು ಕಳವು ಎಂದು ತೀರ್ಪಿತ್ತ.

1968ರ ಮಾರ್ಚ್ 31ರಂದು ವಾಷಿಂಗ್ಟನ್ನಿನ ನ್ಯಾಷನಲ್ ಕ್ಯಾಥೆಡ್ರಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಕಥೆಯನ್ನು ಎತ್ತಿಕೊಂಡರು. ಸಿರಿವಂತ ನರಕಕ್ಕೆ ಹೋದದ್ದು ಸಿರಿವಂತನೆಂಬ ಕಾರಣಕ್ಕಲ್ಲ, ಅಬ್ರಹಾಮ ಅವನಿಗಿಂತ ದೊಡ್ಡ ಸಿರಿವಂತನಾಗಿದ್ದ. ದಿನಾ ಲಾಜರನ ಪಕ್ಕದಲ್ಲೇ ಹಾದುಹೋಗಿಯೂ ಅವನನ್ನು ಕಾಣದೇ ಹೋದದ್ದರಿಂದ ಎಂಬುದು ಅವರ ವ್ಯಾಖ್ಯಾನ. ಆಗ ಮೆಂಫಿಸ್ ನಗರದಲ್ಲಿ ಸುಮಾರು 1,300 ಮಂದಿ ಕಪ್ಪುವರ್ಣೀಯ ಪೌರಕಾರ್ಮಿಕರು ಮುಷ್ಕರ ಹೂಡಿದ್ದರು. ಫೆಬ್ರವರಿ 1ರಂದು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಾರ್ಮಿಕರು ಸತ್ತಿದ್ದರು. ಏಪ್ರಿಲ್ 3ರ ರಾತ್ರಿ ಕಿಂಗ್ ಆ ಮುಷ್ಕರನಿರತರ ನಡುವೆ ನಿಂತು 10ನೆಯ ಅಧ್ಯಾಯದ ಸಮಾರ್ಯದವನ ಕಥೆ ಹೇಳಿದರು: ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡು ದಾಟಿಹೋದರು, ಪರಕೀಯನಾದ ಸಮಾರ್ಯದವನು ನಿಂತು ಉಪಚರಿಸಿದ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ಆ ದಾರಿಯಲ್ಲಿ ಹೆಂಡತಿಯೊಡನೆ ಕಾರಿನಲ್ಲಿ ಹೋಗಿದ್ದನ್ನು ನೆನೆದರು. ಸುಮಾರು 27 ಕಿ.ಮೀ. ಉದ್ದದ ಆ ದಾರಿ ಒಂದು ಸಾವಿರ ಮೀಟರಿನಷ್ಟು ಕೆಳಗಿಳಿಯುತ್ತದೆ. ತಿರುವುಗಳು, ಬೋಳು ಬೆಟ್ಟಗಳು, ಕಳ್ಳರು ಹೊಂಚಲು ಹೇಳಿ ಮಾಡಿಸಿದ ಜಾಗ. ಯಾಜಕನೂ ಲೇವಿಯನೂ ಹೆದರಿ ದಾಟಿ ಹೋಗಿರಬಹುದು, ನಿಂತರೆ ನನ್ನ ಗತಿಯೇನು ಎಂದು ಅವರು ಕೇಳಿಕೊಂಡರು, ನಿಲ್ಲದಿದ್ದರೆ ಇವನ ಗತಿಯೇನು ಎಂದು ಸಮಾರ್ಯದವನು ಕೇಳಿಕೊಂಡ ಎಂದು ಕಿಂಗ್ ವಿವರಿಸಿದರು. ಮರುದಿನ ಸಂಜೆ ಅವರ ಕೊಲೆಯಾಯಿತು. ನಿತ್ಯಜೀವದ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಕಥೆ ಆ ರಾತ್ರಿ ಕಸ ಹೊರುವವರ ಕೂಲಿಯ ಪ್ರಶ್ನೆಗೆ ಉತ್ತರವಾಯಿತು. ಅದು ಕಥೆಯ ದುರುಪಯೋಗವಲ್ಲ, ಅದರ ನಿಜವಾದ ಓದು.

ಎರಡನೆಯ ಆಕ್ಷೇಪ ತತ್ತ್ವಜ್ಞಾನಿಗಳದು, ಮುಖ್ಯವಾಗಿ ಕಾಂಟ್‌ನ ನಂತರದವರದು. ಫಲದಾಸೆಯಿಂದ ಮಾಡಿದ್ದು ನೀತಿ ಹೇಗಾದೀತು? ಗೀತೆಯನ್ನು ಬಲ್ಲ ನಮಗೆ ಈ ಪ್ರಶ್ನೆ ಬೇಗ ನಾಟುತ್ತದೆ. 14ನೆಯ ಅಧ್ಯಾಯದಲ್ಲಿ ಯೇಸು ಫರಿಸಾಯನೊಬ್ಬನ ಮನೆಯ ಊಟದಲ್ಲಿ ಕುಳಿತು ಆತಿಥೇಯನಿಗೆ ಒಂದು ಬುದ್ಧಿಮಾತು ಹೇಳುತ್ತಾರೆ. ಔತಣಕ್ಕೆ ಗೆಳೆಯರನ್ನೂ ನೆಂಟರನ್ನೂ ಸಿರಿವಂತ ನೆರೆಯವರನ್ನೂ ಕರೆಯಬಾರದು, ಅವರು ತಿರುಗಿ ಕರೆದಾರು. ಬಡವರು, ಕುಂಟರು, ಕುರುಡರನ್ನು ಕರೆಯಬೇಕು, ಅವರಿಂದ ತೀರಿಸಲಾಗದು. ನೀತಿವಂತರ ಪುನರುತ್ಥಾನದಲ್ಲಿ ಅದು ತೀರುತ್ತದೆ. ನಮ್ಮ ಮದುವೆಗಳಲ್ಲಿ ಮುಯ್ಯಿ ಓದಿಸುವುದನ್ನು ಕಂಡವರಿಗೆ ಇದರ ತಿರುಳು ಚೆನ್ನಾಗಿ ತಿಳಿಯುತ್ತದೆ: ಯಾರು ಎಷ್ಟಿಟ್ಟರೆಂದು ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಅಷ್ಟನ್ನು ತೀರಿಸಿದರೆ ಲೆಕ್ಕ ಚುಕ್ತಾ. ಆ ಪುಸ್ತಕವನ್ನೇ ಮುಚ್ಚಿಡಬೇಕೆಂಬುದು ಯೇಸುವಿನ ಮಾತು. ತೀರುವಳಿಯನ್ನು ಸಾವಿನಾಚೆಗೆ ದೂಡಿದ ಮೇಲೆ ಕೊಡುವವನ ಕೈಯಲ್ಲಿ ಯಾವ ಲೆಕ್ಕವೂ ಉಳಿಯುವುದಿಲ್ಲ. 6ನೆಯ ಅಧ್ಯಾಯದಲ್ಲಿ ಇದು ಇನ್ನಷ್ಟು ನೇರವಾಗಿದೆ. ತಿರುಗಿ ಬರುವ ನಿರೀಕ್ಷೆಯಿಲ್ಲದೆ ಸಾಲ ಕೊಡಬೇಕು, ಶತ್ರುಗಳಿಗೂ ಒಳಿತು ಮಾಡಬೇಕು. ಯಾಕೆ? ದೇವರು ಉಪಕಾರ ನೆನೆಯದವರಿಗೂ ದುಷ್ಟರಿಗೂ ದಯೆ ತೋರುತ್ತಾನೆ. ಅಲ್ಲಿಯೂ ಪ್ರತಿಫಲದ ಮಾತಿದೆ, ಮುಚ್ಚಿಡುವುದಿಲ್ಲ. ಆದರೆ ಆ ಪ್ರತಿಫಲವೆಂದರೆ ಅಂಥ ದೇವರ ಮಕ್ಕಳಾಗುವುದು. ಅಂದರೆ ದಯೆಯಲ್ಲಿ ಅವನನ್ನು ಹೋಲುವುದು. ದಯೆಗೆ ಸಿಗುವ ಕೂಲಿ ಇನ್ನಷ್ಟು ದಯೆ. ಇದನ್ನು ಲಂಚವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಸಿರಿವಂತ ಮಾಡದೇ ಬಿಟ್ಟದ್ದಕ್ಕಾಗಿ ಹೊರಗುಳಿದ ಎನ್ನುವುದಾದರೆ, 23ನೆಯ ಅಧ್ಯಾಯದ ಕಳ್ಳ ಏನು ಮಾಡಿದ ಎಂದು ಒಳಗೆ ಬಂದ? ಯೇಸುವಿನ ಎಡಬಲದಲ್ಲಿ ಇಬ್ಬರು ಅಪರಾಧಿಗಳನ್ನು ಶಿಲುಬೆಗೇರಿಸಿದ್ದರು. ಮಾರ್ಕ ಮತ್ತು ಮತ್ತಾಯರಲ್ಲಿ ಇಬ್ಬರೂ ಯೇಸುವನ್ನು ಹಂಗಿಸುತ್ತಾರೆ. ಲೂಕನೊಬ್ಬನಲ್ಲಿ ಒಬ್ಬನು ಮತ್ತೊಬ್ಬನನ್ನು ಗದರಿಸಿ, ತಮಗಾದದ್ದು ನ್ಯಾಯ, ಈತ ತಪ್ಪೇನೂ ಮಾಡಿಲ್ಲ ಎಂದು ಹೇಳಿ, ರಾಜ್ಯಕ್ಕೆ ಬರುವಾಗ ತನ್ನನ್ನು ನೆನೆಸಿಕೊಳ್ಳಬೇಕೆಂದು ಬೇಡುತ್ತಾನೆ. ಇವತ್ತೇ ತನ್ನ ಸಂಗಡ ಪರದೈಸಿನಲ್ಲಿರುವೆ ಎಂಬ ಭರವಸೆ ಅವನಿಗೆ ಸಿಗುತ್ತದೆ. ದಾನ ಮಾಡಲು ಅವನಲ್ಲಿ ಏನೂ ಇಲ್ಲ, ಕೈಗೆ ಮೊಳೆ ಜಡಿದಿದೆ, ಬದುಕು ತಿದ್ದಿಕೊಳ್ಳಲು ಸಮಯವಿಲ್ಲ. ಇದು ಕೃಪೆ, ಸಂಪಾದನೆಯಲ್ಲ. ಲೂಕ ಅದನ್ನು ಹಾಗೆಯೇ ಬಿಡುತ್ತಾನೆ, ನಾವೂ ಬಿಡಬೇಕು. ಆದರೂ ನನ್ನ ಕಣ್ಣಿಗೆ ಒಂದು ಸಂಗತಿ ಬೀಳುತ್ತದೆ. ತನ್ನ ಮೈಯ ನೋವಿನ ನಡುವೆಯೂ ಅವನು ಪಕ್ಕದಲ್ಲಿ ಸಾಯುತ್ತಿದ್ದವನನ್ನು ಕಂಡ. ಆತನಿಗಾಗುತ್ತಿದ್ದ ಅನ್ಯಾಯವನ್ನು ಬಾಯಿಬಿಟ್ಟು ಹೇಳಿದ. ಯೇಸು ಎಂದು ಹೆಸರು ಹಿಡಿದು ಅವನೊಡನೆಯೇ ಮಾತಾಡಿದ. ಔತಣದ ಮನೆಯಲ್ಲಿ ಆರೋಗ್ಯವಾಗಿದ್ದ ಸಿರಿವಂತ ವರ್ಷಗಟ್ಟಲೆ ಮಾಡದ್ದನ್ನು ಈತ ಕೊನೆಯ ಗಳಿಗೆಗಳಲ್ಲಿ ಮಾಡಿದ. ಪರದೈಸಿನ ಬಗ್ಗೆ ಅಲ್ಲಿಯೂ ವರ್ಣನೆಯಿಲ್ಲ. ತೋಟ, ಹೊಳೆ, ಬಂಗಾರದ ಬೀದಿ ಒಂದೂ ಇಲ್ಲ. ಸಿಕ್ಕಿರುವ ಭರವಸೆ ಒಬ್ಬರ ಸಂಗಡ ಇರುವುದು ಮಾತ್ರ.

ಇವತ್ತು ಎಂಬ ಆ ಮಾತನ್ನು ಲೂಕ ಇನ್ನೊಂದು ಕಡೆಯೂ ಇದೇ ತೂಕದಿಂದ ಆಡಿದ್ದಾನೆ. ಯೆರಿಕೋವಿನ ಸುಂಕದವರ ಮುಖಂಡ ಜಕ್ಕಾಯ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕುಪಟ್ಟು ಹಿಂದಿರುಗಿಸುತ್ತೇನೆ, ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆ ಎಂದು ನಿಂತ ಕೂಡಲೇ, ರಕ್ಷಣೆ ಇವತ್ತೇ ಈ ಮನೆಗೆ ಬಂತು ಎಂದು ಯೇಸು ಸಾರುತ್ತಾರೆ. ಅವನಿನ್ನೂ ಸತ್ತಿಲ್ಲ, ತೀರ್ಪಿನ ದಿನ ಬಂದಿಲ್ಲ. ಕಳ್ಳನಿಗೆ ಸಾವಿನ ಹೊಸ್ತಿಲಲ್ಲಿ ಸಿಕ್ಕ ಇವತ್ತು, ಜಕ್ಕಾಯನಿಗೆ ನಡುಬದುಕಿನಲ್ಲಿ, ಲೆಕ್ಕದ ಪುಸ್ತಕದ ಮುಂದೆ ಸಿಕ್ಕಿತು. ಪುನರುತ್ಥಾನದ ನಂತರವೂ ಹೀಗೆಯೇ. ಎಮ್ಮಾಹುವಿನ ದಾರಿಯಲ್ಲಿ ಜೊತೆಗೆ ನಡೆದ ಅಪರಿಚಿತನನ್ನು ಇಬ್ಬರು ಶಿಷ್ಯರು ಹೊತ್ತು ಮುಳುಗಿತೆಂದು ಒತ್ತಾಯ ಮಾಡಿ ಮನೆಗೆ ಕರೆದರು. ಅವನು ರೊಟ್ಟಿ ಮುರಿದಾಗ ಅವನೇ ಯೇಸುವೆಂದು ಅವರಿಗೆ ಗುರುತು ಸಿಕ್ಕಿತು. ಬಾಗಿಲು ತೆರೆದು ಒಳಗೆ ಕರೆಯದೆ ಇದ್ದಿದ್ದರೆ ಸತ್ತು ಎದ್ದು ಬಂದವನು ಅವರ ಪಕ್ಕದಲ್ಲೇ ಹಾದು ಹೋಗಿಬಿಡುತ್ತಿದ್ದ.

ಸುವಾರ್ತೆಗಳನ್ನು ನಾವು ಸಾಮಾನ್ಯವಾಗಿ ತುಣುಕು ತುಣುಕಾಗಿ ಕೇಳುತ್ತೇವೆ: ಹಬ್ಬಕ್ಕೊಂದು ಭಾಗ, ಮಣ್ಣು ಕೊಡುವಾಗ ಇನ್ನೊಂದು ಭಾಗ. ಹಾಗೆ ಕೇಳಿದಾಗ ಪರದೈಸಿನ ಭರವಸೆ ಸತ್ತವರ ಮನೆಯವರಿಗೆ, ಸಮಾರ್ಯದವನ ನೀತಿ ಶಾಲೆಯ ಮಕ್ಕಳಿಗೆ ಎಂದು ಹಂಚಿಹೋಗುತ್ತದೆ. ಲೂಕನ 24 ಅಧ್ಯಾಯಗಳನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಕ್ರೈಸ್ತರಾಗಲಿ ಅಲ್ಲದವರಾಗಲಿ, ಒಮ್ಮೆ ಅದನ್ನು ಮೊದಲಿಂದ ಕೊನೆಯವರೆಗೆ ಒಂದೇ ಪುಸ್ತಕವಾಗಿ ಓದಿ. 16ನೆಯ ಅಧ್ಯಾಯಕ್ಕೆ ಬಂದಾಗ ನಿಮ್ಮನ್ನು ಲಾಜರನ ಜಾಗದಲ್ಲಾಗಲಿ ಸಿರಿವಂತನ ಜಾಗದಲ್ಲಾಗಲಿ ಇಟ್ಟುಕೊಳ್ಳಬೇಡಿ, ಅವರಿಬ್ಬರೂ ಸತ್ತಿದ್ದಾರೆ. ಇನ್ನೂ ಬದುಕಿರುವ ಆ ಐವರಲ್ಲಿ ಒಬ್ಬರಾಗಿ ಓದಿ.